ಮನೆಯಿಲ್ಲದ ಬಾಗಿಲು

ಹೊಲಿಗೆ ಯಂತ್ರ ಎರಡನೇ ಮಹಡಿಯ ತಿರುವಿನವರೆಗೆ ಇಳಿದು ನಿಂತುಬಿಟ್ಟಿತು. ಮೆಟ್ಟಿಲ ನಟ್ಟನಡುವೆ ಅಂಚೆಯಕ್ಕ ಕೂತಿದ್ದಳು.

"ಏಳಿ ಅತ್ತಿಗೆ," ಎಂದಳು ಯಂತ್ರದ ಒಂದು ತುದಿ ಹಿಡಿದಿದ್ದ ಅವಳ ನಾದಿನಿ. "ಇದು ಕಬ್ಬಿಣ, ಹತ್ತಿಯ ದಿಂಬಲ್ಲ. ಕೈ ಬಿದ್ದುಹೋಗ್ತಿದೆ."

"ಹಾಗಾದ್ರೆ ಇಳಿಸು."

"ಎಲ್ಲಿ, ಮೆಟ್ಟಿಲ ಮೇಲಾ?"

"ಹೂಂ. ನಾಲ್ಕು ಗಂಟೆಯ ತನಕ ಮೇಲಿರೋದು ಟೈಲರಮ್ಮನದೇ ಮನೆ. ಈಗಿನ್ನೂ ಒಂದೂ ಕಾಲು. ಇಷ್ಟು ಬೇಗ ಯಾರು ಖಾಲಿ ಮಾಡಕ್ಕೆ ಹೇಳಿದ್ದು?"

"ನಾನೇ ಹೇಳಿದ್ದು ಅಕ್ಕ," ಎಂದಳು ಯಂತ್ರದ ಇನ್ನೊಂದು ತುದಿಯಲ್ಲಿದ್ದ ಟೈಲರಮ್ಮ. ಅವಳ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. "ಹೊರಗೆ ಹಾಕಿಸಿಕೊಳ್ಳೋದಕ್ಕಿಂತ ನಾವೇ ಹೋದ್ರೆ ಮರ್ಯಾದೆ ಅಂತ."

"ಎಲ್ಲಿಗೆ ಹೋಗೋದು?"

ಟೈಲರಮ್ಮ ತನ್ನ ಕಡೆಯ ತುದಿಯನ್ನು ಮೆಟ್ಟಿಲ ಮೇಲೆ ಇಳಿಸಿದಳು. ಉತ್ತರ ನಾದಿನಿ ಕೊಟ್ಟಳು.

"ಅದನ್ನ ಕೇಳಬೇಡಿ ಅತ್ತಿಗೆ. ಈ ಕಟ್ಟಡದಿಂದ ಈ ತಿಂಗಳು ನನ್ನ ವ್ಯಾನು ಐದು ಮನೆ ಸಾಮಾನು ಹೊತ್ತಿದೆ. ಐದನೆಯವರನ್ನ ಎಲ್ಲಿಗೆ ಅಂತ ಕೇಳಿದ್ರೆ, 'ಸದ್ಯಕ್ಕೆ ಒಂದು ಸುತ್ತು ಹಾಕಮ್ಮ, ಯೋಚನೆ ಮಾಡ್ತೀವಿ' ಅಂದ್ರು. ಮಂಚ, ಪಾತ್ರೆ, ಎರಡು ಮಕ್ಕಳನ್ನ ಇಟ್ಕೊಂಡು ಸಂಜೆ ತನಕ ಊರು ಸುತ್ತಿದೀನಿ. ವ್ಯಾಪಾರ ಚೆನ್ನಾಗಿದೆ, ಊಟ ಮಾತ್ರ ಸೇರ್ತಿಲ್ಲ."

ಅಂಚೆಯಕ್ಕ ಮೂವತ್ತು ವರ್ಷ ಈ ಬೀದಿಗಳಲ್ಲಿ ಕಾಗದ ಹಂಚಿ ನಿವೃತ್ತಳಾದವಳು. ಮೂರು ತಿಂಗಳಿಂದ ನಗರದ 'ಮನೆ ಉಳಿಸುವ ಕಚೇರಿ'ಯಲ್ಲಿ ಅವಳಿಗೆ ಹೊಸ ಕೆಲಸ. ಜನ ಬೀದಿಗೆ ಬಿದ್ದ ಮೇಲೆ ಕಂಬಳಿ ಹಂಚುವುದು ಬೇರೆ ಕಚೇರಿಯ ಪಾಲಿಗಿತ್ತು. ಬೀಳುವ ಮೊದಲೇ ರಟ್ಟೆ ಹಿಡಿದು ನಿಲ್ಲಿಸುವುದು ಇವರದು.

ಈ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ನೋಟೀಸು ಮನೆಯ ಬಾಗಿಲಿಗೆ ಅಂಟಿದ ಇಪ್ಪತ್ತೊಂದು ದಿನದೊಳಗೆ ಆಕ್ಷೇಪಣೆ ಬರೆದುಕೊಟ್ಟರೆ ಹೊಸ ಕಟ್ಟಡದಲ್ಲಿ ಜಾಗ, ಅಲ್ಲಿಯವರೆಗೆ ತಂಗಲು ಬೇರೆ ಕೋಣೆ. ಕೊಡದಿದ್ದರೆ ಏನೂ ಇಲ್ಲ. ಐದು ಮನೆಯವರೂ ಕೊಡಲಿಲ್ಲ. ಐವರೂ ಹೇಳಿದ್ದು ಒಂದೇ ಮಾತು: ನೋಟೀಸನ್ನು ನಾವು ಕಣ್ಣಲ್ಲೂ ಕಂಡಿಲ್ಲ. ಆರನೆಯವಳು ಟೈಲರಮ್ಮ; ಅವಳ ಗಡುವೂ ಮುಗಿದು, ಇವತ್ತು ನಾಲ್ಕು ಗಂಟೆಗೆ ಮನೆ ಬಿಡಬೇಕಿತ್ತು.

"ಯಂತ್ರ ಇಲ್ಲೇ ಇರಲಿ," ಎಂದು ಅಂಚೆಯಕ್ಕ ಎದ್ದಳು. "ಮೇಲೆ ನಡೀರಿ. ನಿಮ್ಮ ಬಾಗಿಲನ್ನ ಇನ್ನೊಂದು ಸಲ ನೋಡ್ಬೇಕು."

* * *

ಮೂರನೇ ಮಹಡಿಯ ಓಣಿಯಲ್ಲಿ ಹಗಲಲ್ಲೂ ದೀಪ ಉರಿಯುತ್ತಿತ್ತು. ಕಿಟಕಿ ಎಂಬುದೇ ಇರಲಿಲ್ಲ.

ಟೈಲರಮ್ಮನ ಒಂದು ಕೋಣೆಯ ಮನೆಯಲ್ಲಿ ಉಳಿದದ್ದು ಒಂದು ಟ್ರಂಕು ಮತ್ತು ಅದರ ಮೇಲೆ ಕೂತ ಅವಳ ಅತ್ತೆ. ಅಜ್ಜಿ ಬೆಳಿಗ್ಗೆಯಿಂದ ಅಲ್ಲಾಡಿರಲಿಲ್ಲ.

"ಸಾಮಾನೆಲ್ಲ ತಗೊಂಡು ಹೋಗಿ. ನನ್ನನ್ನ ಕೊನೆಗೆ ತಗೊಂಡು ಹೋಗಿ," ಎಂದಳು ಅಜ್ಜಿ. "ನಾನು ಭಾರ ಇದೀನಿ. ಅಷ್ಟರಲ್ಲಿ ನಿಮಗೇ ಸಾಕಾಗುತ್ತೆ."

ಅಂಚೆಯಕ್ಕ ಚೀಲದಿಂದ ಫೋಟೊ ತೆಗೆದಳು. ನೋಟೀಸು ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಕಚೇರಿಗೆ ಬಂದಿದ್ದ ಫೋಟೊ ಅದು. ಬಾಗಿಲು, ಅದರ ಮೇಲೆ ಇಪ್ಪತ್ತಮೂರು ಎಂಬ ಸಂಖ್ಯೆ, ಅದರ ಕೆಳಗೆ ನೋಟೀಸು. ಕೆಳಗೆ ಬರೆದಿತ್ತು: 'ಬಾಗಿಲು ಹಾಕಿತ್ತು. ಬಾಗಿಲಿಗೆ ಅಂಟಿಸಿ ಬಂದಿದ್ದೇನೆ.'

"ಇದು ನಿಮ್ಮ ಬಾಗಿಲೇನಾ? ಚೆನ್ನಾಗಿ ನೋಡಿ."

"ನಮ್ದೇ," ಎಂದಳು ಟೈಲರಮ್ಮ. "ಈ ಗೀರುಗಳಿದೆಯಲ್ಲ, ನಾನು ಸೀಮೆಸುಣ್ಣ ಚೂಪು ಮಾಡಿ ಮಾಡಿ ಆಗಿದ್ದು. ಅದನ್ನ ಬೇರೆ ಯಾರು ಮಾಡ್ತಾರೆ?"

"ಈಗ ಗೀರು ಎಲ್ಲಿದೆ?"

ಟೈಲರಮ್ಮ ಬಾಗಿಲನ್ನು ನೋಡಿದಳು. ಅದು ನುಣ್ಣಗಿತ್ತು. ಹೊಸ ಹಸಿರು ಬಣ್ಣ ಬಳಿದಿತ್ತು. ಅಂಚೆಯಕ್ಕ ಓಣಿಗೆ ಬಂದು ಎಣಿಸಿದಳು. ಖಾಲಿಯಾದ ಐದು ಮನೆಗಳ ಬಾಗಿಲಿಗೂ ಅದೇ ಹಸಿರು. ಉಳಿದ ಬಾಗಿಲುಗಳೆಲ್ಲ ಹಳೆಯ ಮಾಸಲು ನೀಲಿ.

"ಕೆಡವೋ ಕಟ್ಟಡಕ್ಕೆ ಬಣ್ಣ," ಎಂದಳು ನಾದಿನಿ. "ಅದೂ ಹೊರಗೆ ಹಾಕೋರ ಮನೆಗೆ ಮಾತ್ರ. ಬೀಳ್ಕೊಡುಗೆಯೇನೋ."

ಅಂಚೆಯಕ್ಕ ನಗಲಿಲ್ಲ. ಫೋಟೊವನ್ನು ದೀಪದ ಕೆಳಗೆ ಹಿಡಿದು ಬಾಗಿಲ ನಡುವಿನ ಕಿಂಡಿಯನ್ನೇ ನೋಡುತ್ತಿದ್ದಳು. ಕಾಗದ ಹಾಕುವ ಕಿಂಡಿ. ಇಂಥ ಸಾವಿರ ಕಿಂಡಿಗಳಲ್ಲಿ ಬೆರಳು ತುರುಕಿದವಳು ಅವಳು. ನಾಯಿಯಿಂದ ಕಚ್ಚಿಸಿಕೊಂಡದ್ದೂ ಒಂದು ಕಿಂಡಿಯಲ್ಲೇ.

"ಬಾಗಿಲು ಮುಚ್ಚಿದ್ರೆ ಕಿಂಡಿ ಹ್ಯಾಗೆ ಕಾಣುತ್ತೆ?" ಎಂದು ಕೇಳಿದಳು.

ನಾದಿನಿ ಬಾಗಿಲು ಮುಚ್ಚಿ ನೋಡಿದಳು. "ಕಪ್ಪಗೆ. ಒಳಗೆ ಕತ್ತಲಲ್ವಾ."

"ಫೋಟೋದಲ್ಲಿ ನೋಡು."

ಫೋಟೊದ ಕಿಂಡಿ ಬೆಳ್ಳಗೆ ಹೊಳೆಯುತ್ತಿತ್ತು. ಬಾಗಿಲ ಹಿಂದಿನಿಂದ ಬಿಸಿಲು ತೂರಿಬರುತ್ತಿತ್ತು.

"ಅಂದ್ರೆ?"

"ಅಂದ್ರೆ ಈ ಬಾಗಿಲ ಹಿಂದೆ ಮನೆಯೇ ಇಲ್ಲ."

ನಾದಿನಿ ಬಾಗಿಲನ್ನು ಮತ್ತೆ ತೆರೆದಳು. ಆಮೇಲೆ ಟ್ರಂಕಿನ ಮೇಲಿಂದ ಅಜ್ಜಿ ಸೀನಿದಳು.

"ಇದು ಅವತ್ತು ಹಿಡಿದ ನೆಗಡಿ," ಎಂದಳು. "ಮೂರು ವಾರ ಆಯ್ತು. ಕದ ಇಲ್ಲದ ಮನೇಲಿ ಮಲಗಿದ್ರೆ ಇನ್ನೇನಾಗುತ್ತೆ?"

ಅಂಚೆಯಕ್ಕ ನಿಧಾನವಾಗಿ ತಿರುಗಿದಳು. "ಬಾಗಿಲು ಇರಲಿಲ್ವಾ ಅಜ್ಜಿ?"

"ಬಾಗಿಲು ಇತ್ತು ಕಣಮ್ಮ. ಬಾಗಿಲು ಎಲ್ಲಿಗೆ ಹೋಗುತ್ತೆ? ನಾವು ಓಡಾಡೋದು ಬಾಗಿಲಲ್ಲಿ. ಕದ ಇರಲಿಲ್ಲ. ಈಗಿನವರಿಗೆ ಎರಡೂ ಒಂದೇ. ಬಡಗಿ ಬಂದು ಕದ ಬಿಚ್ಕೊಂಡು ಹೋದ. ಮೂರು ದಿನ ಪರದೆ ಕಟ್ಕೊಂಡು ಮಲಗಿದ್ವಿ."

"ಹೌದು," ಎಂದಳು ಟೈಲರಮ್ಮ. "ಬಾಗಿಲು ಹಿಡ್ಕೊಳ್ಳುತ್ತೆ, ಕಟ್ಟಡದವರು ರಿಪೇರಿ ಮಾಡಿಸ್ತಾರೆ ಅಂದ. ಪುಕ್ಕಟೆ ಅಂತ ನಾನೂ ಖುಷಿಪಟ್ಟೆ."

ಅಂಚೆಯಕ್ಕ ಫೋಟೊದ ತಾರೀಖು ನೋಡಿದಳು. ಬಡಗಿ ಬಂದ ಮರುದಿನ.

"ಬಡಗಿ ಎಲ್ಲಿರೋದು?"

"ಹಿಂದಿನ ಅಂಗಳದಲ್ಲಿ."

ಅಂಚೆಯಕ್ಕ ಅಜ್ಜಿಯ ಕಡೆ ಬಗ್ಗಿ ಅವಳ ಶಾಲು ಸರಿ ಮಾಡಿದಳು. "ಅಜ್ಜಿ, ಟ್ರಂಕು ಬಿಟ್ಟು ಏಳಬೇಡಿ."

"ಎದ್ದಿದ್ದು ಯಾವಾಗ?" ಎಂದಳು ಅಜ್ಜಿ.

* * *

ಬಡಗಿಯ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಒಳಗೆ ಗರಗಸದ ಯಂತ್ರ ಕಿರುಚುತ್ತಿತ್ತು. ಹೊರಗೋಡೆಯಿಂದ ಎರಡು ಮಾರು ಈಚೆ, ಎರಡು ಕುರ್ಚಿಗಳ ಆನಿಕೆಯಲ್ಲಿ ಒಂದು ನೀಲಿ ಬಾಗಿಲು ನೆಟ್ಟಗೆ ನಿಂತಿತ್ತು. ಸಂಖ್ಯೆ ಮೂವತ್ತೊಂದು.

ಅದರ ಮುಂದೆ ಮೋಟು ಸ್ಟೂಲಿನ ಮೇಲೆ ಕೂತು, ಡಬ್ಬಿಯಲ್ಲಿ ಕುಂಚ ಅದ್ದುತ್ತಿದ್ದವನನ್ನು ಇಬ್ಬರೂ ಒಟ್ಟಿಗೇ ಗುರುತಿಸಿದರು. ನೋಟೀಸು ಅಂಟಿಸುವ ನೌಕರ. ಊರೆಲ್ಲ ಅವನನ್ನು ಕರೆಯುವುದು ಗೋಂದಣ್ಣ ಎಂದು.

"ಹೋಗಿ ಕುತ್ತಿಗೆಪಟ್ಟಿ ಹಿಡೀಲಾ?" ಎಂದು ನಾದಿನಿ ತೋಳು ಮಡಚಿದಳು.

"ಬೇಡ. ಬಾಗಿಲಿಗೆ ಬಂದವರನ್ನ ಮರ್ಯಾದೆಯಿಂದ ಮಾತಾಡಿಸಬೇಕು."

ಅಂಚೆಯಕ್ಕ ಗೋಡೆಯ ಬದಿಯಿಂದ ಸುತ್ತಿಬಂದು ಬಾಗಿಲ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಗೋಂದಣ್ಣ ನೋಟೀಸನ್ನು ಬಾಗಿಲಿಗೆ ಒತ್ತಿ, ಅಂಗೈಯಿಂದ ಸವರಿದ. ಮೊಬೈಲು ಎತ್ತಿದ.

ಕಿಂಡಿಯೊಳಗಿಂದ ಒಂದು ದನಿ ಬಂತು.

"ಯಾರದು?"

ಮೊಬೈಲು ಗೋಂದಿನ ಡಬ್ಬಿಗೆ ಬಿತ್ತು.

"ನಾ... ನಾನು. ನೋಟೀಸು."

"ಮನೇಲಿ ಯಾರೂ ಇಲ್ಲ."

"ಹಾಗಾದ್ರೆ ನೀವ್ಯಾರು?"

"ನಾನೂ ಅದನ್ನೇ ಕೇಳ್ತಿರೋದು. ಮನೆ ಎಲ್ಲಿ ಗೋಂದಣ್ಣ?"

ಕಿಂಡಿಯಲ್ಲಿ ಎರಡು ಕಣ್ಣು ಕಂಡವು. ಗೋಂದಣ್ಣ ಆ ಕಣ್ಣುಗಳನ್ನು ಬಲ್ಲ. ಅವನು ಏಳಲು ಹೋದ, ಮಂಡಿ ಕಟಕ್ಕೆಂದಿತು, ಮತ್ತೆ ಕೂತ.

"ಅಂಚೆಯಕ್ಕ, ನಾನು ಕಳ್ಳತನ ಮಾಡಿಲ್ಲ."

"ಮಾಡಿದ್ದಿ ಅಂತ ನಾನೆಲ್ಲಿ ಹೇಳಿದೆ?" ಅವಳು ಈಚೆ ಬಂದು ಅವನೆದುರು ಒಂದು ಮರದ ತುಂಡಿನ ಮೇಲೆ ಕೂತಳು. ನಾದಿನಿ ಮೊಬೈಲನ್ನು ಡಬ್ಬಿಯಿಂದ ಎರಡು ಬೆರಳಲ್ಲಿ ಎತ್ತಿ, ಅವನ ಅಂಗಿಗೇ ಒರೆಸಿ ಕೊಟ್ಟಳು.

"ನಿಯಮದಲ್ಲಿ ಏನಿದೆ?" ಎಂದ ಗೋಂದಣ್ಣ. "ಮನೆಯ ಬಾಗಿಲಿಗೆ ಅಂಟಿಸಬೇಕು ಅಂತಿದೆ. ಇದು ಮನೆಯ ಬಾಗಿಲು. ಅಂಟಿಸಿದೀನಿ. ಬಾಗಿಲು ಎಲ್ಲಿರಬೇಕು ಅಂತ ಎಲ್ಲೂ ಬರೆದಿಲ್ಲ."

"ನಾನು ಮೂವತ್ತು ವರ್ಷ ಕಾಗದ ಹಾಕಿದೆ. ಒಂದು ದಿನ ಅಂಚೆಪೆಟ್ಟಿಗೆ ಕಳಚ್ಕೊಂಡು ಮನೆಗೆ ತಂದು, ಅದರೊಳಗೆ ಕಾಗದ ಹಾಕಿ, ಬಟವಾಡೆ ಆಯ್ತು ಅಂತ ಬರೆದಿದ್ರೆ ನೀನು ಒಪ್ತಿದ್ದೆಯಾ?"

ಗೋಂದಣ್ಣ ತಲೆ ತಗ್ಗಿಸಿದ. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಾಗಿಲು ಬಿಚ್ಚಿಸಿದ್ದು ನಾನಲ್ಲ ಅಕ್ಕ."

"ಮತ್ಯಾರು?"

ಅವನು ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿದ. ಎರಡೂ ಮಂಡಿ ಕುಂಬಳಕಾಯಿಯ ಹಾಗೆ ಊದಿದ್ದವು.

"ಒಂದು ವರ್ಷದಿಂದ ಹೀಗೆ. ಒಂದು ಮಹಡಿ ಹತ್ತಿದ್ರೆ ಎರಡು ದಿನ ಮಲಗಬೇಕು. ಆಗಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ. ಕೆಲಸ ಹೋದ್ರೆ ಕ್ವಾರ್ಟರ್ಸು ಬಿಡಬೇಕು. ಮನೇಲಿ ಹಾಸಿಗೆ ಹಿಡಿದ ಅಕ್ಕ ಇದಾಳೆ. ಅವಳನ್ನ ಎತ್ಕೊಂಡು ನಾನೆಲ್ಲಿಗೆ ಹೋಗಲಿ? ಹೀಗಿರುವಾಗ ಒಂದು ದಿನ ಫೋನು ಬಂತು. 'ಮೆಟ್ಟಿಲು ಹತ್ತಬೇಡಪ್ಪ, ಬಡಗಿಯ ಹತ್ರ ಬಾ, ಎಲ್ಲಾ ಕೆಳಗೇ ಇರುತ್ತೆ' ಅಂತ. ಎಷ್ಟು ಒಳ್ಳೆ ಮನುಷ್ಯ ಅಂದ್ಕೊಂಡೆ."

"ಯಾರು?"

"ಹೆಸರು ಹೇಳಲ್ಲ. ಮೆತ್ತನೆ ದನಿ. ಆರು ಸಲ ಬಂತು, ಇವತ್ತಿಂದು ಏಳು. ಬಡಗಿಗೂ ಅದೇ ಫೋನು, ಅವನು ಕಟ್ಟಡದವರು ಅಂದ್ಕೊಂಡಿದಾನೆ." ಗೋಂದಣ್ಣ ಯೋಚಿಸಿದ. "ಒಂದು ವಿಷಯ. ಬಾಗಿಲು ಅನ್ನಲ್ಲ ಅವರು. ಕದ ಅಂತಾರೆ. 'ಇಪ್ಪತ್ತಮೂರರ ಕದ ಇಳಿಸಿದೀವಿ.' ನಮ್ಮಜ್ಜಿ ಹಾಗಂತಿದ್ಲು. ಅವಳು ಹೋದ ಮೇಲೆ ಆ ಮಾತು ನಾನು ಫೋನಲ್ಲೇ ಕೇಳಿದ್ದು."

ನಾದಿನಿ ಅತ್ತಿಗೆಯ ಕಿವಿಗೆ ಬಾಗಿದಳು. "ಟ್ರಂಕಿನ ಮೇಲಿನ ಅಜ್ಜಿಯೇ ಇರಬಹುದಾ?"

"ಅವರ ಹತ್ರ ಫೋನಿಲ್ಲ. ಮೆತ್ತನೆ ದನಿಯಂತೂ ಇಲ್ಲವೇ ಇಲ್ಲ."

ಅಂಚೆಯಕ್ಕ ಚೀಲದಿಂದ ಪುಸ್ತಕ ತೆಗೆದಳು. ಮನೆ ಕಳೆದುಕೊಳ್ಳುವ ಅಪಾಯದಲ್ಲಿರುವವರನ್ನು ಬರೆದುಕೊಳ್ಳುವ ಪುಸ್ತಕ. ಟೈಲರಮ್ಮನ ಕೆಳಗಿನ ಸಾಲಿನಲ್ಲಿ ಬರೆದಳು: ಗೋಂದಣ್ಣ, ಹಾಸಿಗೆ ಹಿಡಿದ ಅಕ್ಕ, ಕ್ವಾರ್ಟರ್ಸು.

"ನನ್ನನ್ನ ಯಾಕೆ ಬರ್ಕೊಳ್ತೀರಿ?"

"ಮಂಡಿ ನೋವಿಗೆ ಕೂತು ಮಾಡೋ ಕೆಲಸ ಕೇಳೋ ಹಕ್ಕು ನಿನಗಿದೆ. ಯಾರೂ ನಿನಗೆ ಹೇಳಿಲ್ಲ ಅಷ್ಟೆ. ನಾಳೆ ಅದರ ಅರ್ಜಿ ಬರೆಯೋಣ. ಈಗ ನೀನು ಟೈಲರಮ್ಮನಿಗೆ ನಾಲ್ಕು ಸಾಲು ಬರ್ಕೊಡು. ನೋಟೀಸು ಎಲ್ಲಿ ಅಂಟಿಸಿದ್ದು ಅಂತ."

ಗೋಂದಣ್ಣ ಬಹಳ ಹೊತ್ತು ಪೆನ್ನು ಹಿಡಿದುಕೊಂಡು ಕೂತ. ಆಮೇಲೆ ಬರೆದ. ಎಂಟು ಸಾಲು.

ಅಷ್ಟರಲ್ಲಿ ಯಂತ್ರ ನಿಂತು ಬಡಗಿ ಹೊರಗೆ ಬಂದ. ಮೈಯೆಲ್ಲ ಮರದ ಪುಡಿ, ಹುಬ್ಬೂ ಬಿಟ್ಟಿಲ್ಲ.

"ಬಾಗಿಲ ಮೇಲಿನ ಕಾಗದ ಏನಾಯ್ತು ಅಂತಾನಾ? ಬಣ್ಣ ಬಳಿಯೋಕೆ ಮುಂಚೆ ಕೀಸುಳಿ ಹೊಡೀಬೇಕಲ್ಲ. ಹಳೇ ಬಣ್ಣ, ಕಾಗದ, ಎಲ್ಲ ಸುರುಳಿ ಸುರುಳಿಯಾಗಿ ಎದ್ದುಬರುತ್ತೆ. ಹಾಗೆ ಮಾಡಬಾರದಿತ್ತಾ?"

"ಆ ಸುರುಳಿ ಎಲ್ಲಿ?"

"ಚೀಲದಲ್ಲಿ. ಗಾಜಿನ ಸಾಮಾನಿನವರು ತಿಂಗಳಿಗೊಮ್ಮೆ ಬಂದು ಒಯ್ತಾರೆ, ಲೋಟದ ನಡುವೆ ತುರುಕೋಕೆ. ಈ ತಿಂಗಳು ಇನ್ನೂ ಬಂದಿಲ್ಲ."

ನಾದಿನಿ ಚೀಲವನ್ನು ಅಂಗಳದಲ್ಲಿ ಬೋರಲು ಹಾಕಿದಳು. ಇಬ್ಬರೂ ಮಂಡಿಯೂರಿ ಹುಡುಕಿದರು. ಗೋಂದಣ್ಣ ಕೂತಲ್ಲಿಂದಲೇ ತೋರಿಸಿದ: ನೀಲಿ ಇರೋದನ್ನ ನೋಡಿ, ಬಿಳಿ ಇರೋದನ್ನ ನೋಡಿ. ಹತ್ತು ನಿಮಿಷಕ್ಕೆ ನಾದಿನಿಯ ಕೈಗೆ ಒಂದು ಸುರುಳಿ ಸಿಕ್ಕಿತು. ಹೊರಗೆ ನೀಲಿ ಬಣ್ಣದ ಮರ, ಅದಕ್ಕಂಟಿದ ಕಾಗದ. ಬಿಡಿಸಿದರೆ ಅಚ್ಚಿನ ಅಕ್ಷರ ಓದಬಹುದಿತ್ತು: '...ಸಂಖ್ಯೆ ಇಪ್ಪತ್ತಮೂರು... ದಿನದೊಳಗೆ ಆಕ್ಷೇ...'

"ಗಂಟೆ ಎಷ್ಟು?"

"ಮೂರೂ ಹತ್ತು," ಎಂದಳು ನಾದಿನಿ. ಆಗಲೇ ವ್ಯಾನಿನ ಬೀಗದ ಕೈ ಅವಳ ಬೆರಳಲ್ಲಿತ್ತು. "ಚೀಲ?"

"ತುಂಬ್ಕೊ. ಗೋಂದಣ್ಣನನ್ನೂ ಮುಂದೆ ಕೂರಿಸ್ಕೊ. ಮೂವತ್ತೊಂದರವರಿಗೆ ಅವರ ಬಾಗಿಲು, ಅದರ ಮೇಲಿನ ನೋಟೀಸು ಎರಡನ್ನೂ ತೋರಿಸೋಕೆ ಬಡಗಿಗೆ ಹೇಳು. ಅವರಿಗಿನ್ನೂ ಇಪ್ಪತ್ತೊಂದು ದಿನ ಇದೆ."

* * *

ಮನೆ ಉಳಿಸುವ ಕಚೇರಿಯ ಸಾಹೇಬರು ಅಂಚೆಯಕ್ಕನನ್ನು ಕಂಡ ಕೂಡಲೇ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. ಬಂದವರಿಗೆಲ್ಲ ಸರಿಸುತ್ತಿದ್ದರು. ಅಳುತ್ತ ಬಂದವರು ಅವರ ಕೋಣೆಯಿಂದ ಬಿಸ್ಕತ್ತು ಕಡಿಯುತ್ತ ಹೋಗುತ್ತಿದ್ದರು.

"ಉಸಿರು ಬಿಡಿ ಮೊದಲು. ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದರು.

ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು. ಅಂಚೆಯಕ್ಕ ತಡೆಯಾಜ್ಞೆಯ ಹಾಳೆಯನ್ನು ಅವರ ಮುಂದಿಟ್ಟಳು. ಎಲ್ಲ ತುಂಬಿಸಿತ್ತು. ಬೇಕಾದದ್ದು ಒಂದು ಮುದ್ರೆ ಮಾತ್ರ. ಅದು ಬಿದ್ದರೆ ಟೈಲರಮ್ಮನ ಯಂತ್ರ ಮೆಟ್ಟಿಲಿಂದ ಮೇಲಕ್ಕೆ ಹೋಗುತ್ತದೆ. ಬೀಳದಿದ್ದರೆ ಕೆಳಕ್ಕೆ.

"ಪುರಾವೆ?"

ಅವಳು ಒಂದೊಂದಾಗಿ ಕೊಟ್ಟಳು. ಕಿಂಡಿಯಲ್ಲಿ ಬಿಸಿಲಿದ್ದ ಫೋಟೊ. ಗೋಂದಣ್ಣನ ಎಂಟು ಸಾಲು. ಕೊನೆಗೆ ಆ ಮರದ ಸುರುಳಿ. ಸಾಹೇಬರು ಅದನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲನೆ ಬಿಡಿಸಿದರು.

"ನಿಯಮದಲ್ಲಿ ಮನೆಯ ಬಾಗಿಲು ಅಂತಿದೆ ಸಾಹೇಬ್ರೆ," ಎಂದಳು ಅಂಚೆಯಕ್ಕ. "ಜನ ಹೋಗಿ ಬರೋ ಜಾಗಕ್ಕೆ ಬಾಗಿಲು ಅನ್ನೋದು. ಅಂಗಳದಲ್ಲಿ ಕುರ್ಚಿಗೆ ಒರಗಿಸಿದ್ದು ಬರೀ ಹಲಗೆ. ಹಲಗೆಗೆ ಅಂಟಿಸಿದ ನೋಟೀಸು ನೋಟೀಸಲ್ಲ."

ಅಜ್ಜಿ ಕಲಿಸಿದ 'ಕದ' ಎಂಬ ಮಾತನ್ನು ಅವಳು ಬೇಕೆಂದೇ ಆಡಲಿಲ್ಲ. ಫೋನಿನವರು ಯಾರೆಂದು ಗೊತ್ತಾಗುವ ತನಕ ಆ ಒಂದು ಪದ ತನ್ನ ಬಾಯಲ್ಲೇ ಇರಲಿ ಎಂದುಕೊಂಡಿದ್ದಳು. ಗೋಂದಣ್ಣನ ಎಂಟು ಸಾಲಿನಲ್ಲೂ ಅದನ್ನು ಬರೆಸಿರಲಿಲ್ಲ.

ಸಾಹೇಬರು ನಕ್ಕರು. ಸಂತೋಷದ ನಗೆ.

"ಭಲೇ. ವಕೀಲರಿಗೂ ಹೊಳೆಯದ ಮಾತು. ಇದೊಂದು ಸಾಕು, ಮೊದಲಿನ ಐದು ಮನೆಯವರನ್ನೂ ವಾಪಸು ಕರೆಸಬಹುದು. ಅಲ್ವಾ?"

"ಕರೆಸಬೇಕು ಸಾಹೇಬ್ರೆ."

"ಬೇರೆ ಯಾರಿಗಾದ್ರೂ ಹೇಳಿದೀರಾ ಇದನ್ನ?"

"ನೇರ ನಿಮ್ಮ ಹತ್ರಾನೇ ಬಂದೆ."

"ಒಳ್ಳೇದು ಮಾಡಿದ್ರಿ."

ಅವರು ಡ್ರಾಯರಿನಿಂದ ಮುದ್ರೆ ತೆಗೆದರು. ಶಾಯಿಯ ಮೆತ್ತೆಯ ಮುಚ್ಚಳ ಬಿಚ್ಚಿದರು.  ಅಂಚೆಯಕ್ಕ ಮೊದಲ ಸಲ ಬಿಸ್ಕತ್ತಿಗೆ ಕೈ ಹಾಕಿದಳು.

ಆಗ ಓಣಿಯಿಂದ ಗಾಳಿ ಬೀಸಿತು. ಮೇಜಿನ ಮೇಲಿನ ಹಾಳೆ ಅಂಚಿನಲ್ಲಿ ಪಟಪಟ ಅಂದಿತು. ಸಾಹೇಬರು ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿ ಮುದ್ರೆ ಮೇಲೆತ್ತಿದ್ದು ಹಾಗೇ ಇತ್ತು.

"ಹಾಳೆ ಹಾರುತ್ತೆ," ಎಂದರು, ಆ ಮೆತ್ತನೆಯ ದನಿಯಲ್ಲಿ. "ಆ ಕದ ಸ್ವಲ್ಪ ಹಾಕಿಬಿಡಿ ಅಂಚೆಯಕ್ಕ."

ಬಿಸ್ಕತ್ತು ಅವಳ ಬಾಯಿಯ ಹತ್ತಿರವೇ ನಿಂತಿತು.

ಮೂರು ತಿಂಗಳಿಂದ ದಿನಕ್ಕೆ ಎರಡು ಸಲವಾದರೂ ಕೇಳಿದ್ದ ಮಾತು ಅದು. ಕಿವಿಗೆ ಬಿದ್ದದ್ದು ಇವತ್ತು.

ಸುರುಳಿ ಅವರ ಮುಂದಿತ್ತು. ಗೋಂದಣ್ಣನ ಎಂಟು ಸಾಲು ಅವರ ಮೊಣಕೈ ಕೆಳಗಿತ್ತು. ಗಡಿಯಾರದಲ್ಲಿ ಮೂರೂ ನಲವತ್ತೆಂಟು. ಕಿಟಕಿಯ ಕೆಳಗೆ ನಾದಿನಿಯ ವ್ಯಾನು ಗುರುಗುಡುತ್ತಿರುವುದು ಕೇಳುತ್ತಿತ್ತು. ಅದರ ಮುಂದಿನ ಸೀಟಿನಲ್ಲಿ ಆ ದನಿಯನ್ನು ಏಳು ಸಲ ಕೇಳಿದವನು ಕೂತಿದ್ದ.

ಅಂಚೆಯಕ್ಕ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟು ಎದ್ದಳು. ಬಾಗಿಲವರೆಗೆ ನಡೆದಳು. ಚಿಲಕದ ಮೇಲೆ ಕೈಯಿಟ್ಟು, ತಿರುಗದೆ, ನಗುನಗುತ್ತಲೇ ಹೇಳಿದಳು.

"ಹಾಕ್ತೀನಿ ಸಾಹೇಬ್ರೆ. ನೀವು ಮೊದಲು ಮುದ್ರೆ ಹಾಕಿ."

ಹಿಂದಿನಿಂದ ಮುದ್ರೆ ಬಿದ್ದ ಸದ್ದು ಬರಲಿಲ್ಲ. ಡ್ರಾಯರು ಮುಚ್ಚಿದ ಸದ್ದು ಬಂತು.